ಆ ಅಂಗಿ ತೊಳೆಯಬೇಡಿ ಅಕ್ಕಾ

ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಮಗನ ಮೇಲೆ ಕೇಸು ಬಂದರೆ ಹೆತ್ತವರು ಏನು ಮಾಡಬಹುದು, ಏನು ಮಾಡಬಾರದು? ಹಾಗಾಗಿ ಪಹಣಿ, ಪಾಲು, ವಾಟ್ನಿ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು ಇವತ್ತು ಇದೊಂದನ್ನೇ ಎತ್ತಿಕೊಂಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ, ಊರನ್ನೂ ಹಾಕಿಲ್ಲ, ಜಿಲ್ಲೆ ಮಾತ್ರ ಇದೆ. ಯಾಕೆ ಅನ್ನೋದು ನಾಲ್ಕನೇ ಉತ್ತರದಲ್ಲಿ ಸಿಗುತ್ತದೆ.

ಪ್ರಶ್ನೆ: ಮೇಡಂ, ಮೊನ್ನೆ ನಾನು, ನಮ್ಮ ಮನೆಯವರು ಒಂದು ಕೋರ್ಟ್ ಥ್ರಿಲ್ಲರ್ ನೋಡ್ತಾ ಕೂತಿದ್ವಿ. ಮಗನ ಮೇಲೆ ಕೊಲೆ ಆರೋಪ, ಅಪ್ಪ ಅಮ್ಮ ಅವನನ್ನ ಉಳಿಸೋಕೆ ಒಂದೊಂದೇ ಸುಳ್ಳು ಹೇಳ್ತಾ ಹೋಗ್ತಾರೆ. ನಾನು ಅಂದೆ, ನಮ್ಮ ಮಗ ರಕ್ತದ ಅಂಗಿಯಲ್ಲಿ ಮನೆಗೆ ಬಂದರೆ ಮೊದಲು ಆ ಅಂಗಿ ತೊಳೆದು ಹಾಕ್ತೀನಿ, ಆಮೇಲೆ ಏನಾಯ್ತು ಅಂತ ಕೇಳ್ತೀನಿ. ಅವರು ಅಂದರು, ನಾನು ಕೈ ಹಿಡಿದು ಸೀದಾ ಸ್ಟೇಷನ್ನಿಗೆ ಕರೆದುಕೊಂಡು ಹೋಗ್ತೀನಿ. ಎರಡು ದಿನ ಮಾತಿಲ್ಲ. ನಮ್ಮಿಬ್ಬರಲ್ಲಿ ಯಾರು ಸರಿ? (ಒಬ್ಬ ತಾಯಿ, ಕಲಬುರಗಿ ಜಿಲ್ಲೆ)

ಉತ್ತರ: ಅಕ್ಕಾ, ಆ ಅಂಗಿ ತೊಳೆಯಬೇಡಿ. ಕಾನೂನು ಆಮೇಲೆ ಹೇಳ್ತೀನಿ, ಮೊದಲು ನಾನೇ ನಡೆಸಿದ ಒಂದು ಕೇಸು ಕೇಳಿ. ಗುರುತು ಸಿಗದ ಹಾಗೆ ಅಲ್ಲಲ್ಲಿ ಬದಲಿಸಿದ್ದೇನೆ. ಜಾತ್ರೆಯಲ್ಲಿ ಹುಡುಗರ ಜಗಳ. ಒಬ್ಬನ ತಲೆಗೆ ಕಲ್ಲಿನ ಪೆಟ್ಟು ಬಿದ್ದು ಆಸ್ಪತ್ರೆ ಸೇರಿದ. ಇನ್ನೊಬ್ಬ, ಹದಿನಾರು ದಾಟಿದವನು, ನಡುಗುತ್ತಾ ಮನೆಗೆ ಬಂದ. ಅವನ ಅವ್ವ ಬಚ್ಚಲಲ್ಲಿ ಅಂಗಿ ನೆನೆ ಹಾಕಿ, ಸೋಪಿನ ಪುಡಿ ಸುರಿದು, ಕಾಲರ್ ಹರಿಯೋ ತನಕ ತಿಕ್ಕಿದರು. ಬೆಳಗಾಗುವ ಹೊತ್ತಿಗೆ ಅಂಗಿ ಮಾಳಿಗೆ ಮೇಲೆ ಒಣಗಿತ್ತು. ನನ್ನ ಹತ್ತಿರ ಬಂದಾಗ ಅದನ್ನೂ ಮಡಚಿ ಚೀಲದಲ್ಲಿ ತಂದಿದ್ದರು, ಇಸ್ತ್ರಿ ಕೂಡ ಆಗಿತ್ತು. "ಒಂದ್ ಕಲೆ ಉಳಿದಿಲ್ಲ ನೋಡ್ರೀ ಮೇಡಂ" ಅಂದರು. ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದ ಮೇಲೆ ಗೊತ್ತಾಯಿತು, ಆ ಕಾಲರ್ ಮೇಲೆ ಇದ್ದದ್ದು ಅವನದೇ ಮೂಗಿನ ರಕ್ತ. ಮೊದಲು ಹೊಡೆತ ತಿಂದವನು ಅವನೇ. ನಾಲ್ಕು ಜನ ಸುತ್ತುವರಿದು ಹೊಡೆದಾಗ ಕೈಗೆ ಸಿಕ್ಕ ಕಲ್ಲು ಎತ್ತಿದ್ದ. ಜೀವ ಉಳಿಸಿಕೊಳ್ಳೋಕೆ ಮಾಡಿದ್ದು ಅಂತ ತೋರಿಸೋಕೆ ಇದ್ದ ಒಂದೇ ಗಟ್ಟಿ ಸಾಕ್ಷಿಯನ್ನು ಅವನ ಅವ್ವನೇ ಸೋಪಿನ ನೀರಿನ ಜೊತೆ ಚರಂಡಿಗೆ ಬಿಟ್ಟಿದ್ದರು. ಕೊನೆಗೆ ಜಾತ್ರೆಯಲ್ಲಿ ಬಳೆ ಅಂಗಡಿ ಇಟ್ಟಿದ್ದ ಒಬ್ಬ ಅಜ್ಜಿ ನೋಡಿದ್ದನ್ನು ನೋಡಿದ ಹಾಗೆ ಹೇಳಿದರು, ಹುಡುಗ ಉಳಿದ. ಆದರೆ ಅಷ್ಟರಲ್ಲಿ ಅವನ ಪಿಯುಸಿ ಎರಡು ವರ್ಷ ಹಿಂದೆ ಬಿದ್ದಿತ್ತು.

ಈಗ ಕಾನೂನು. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 238ನೇ ಕಲಂ ಸಾಕ್ಷ್ಯ ನಾಶ ಮಾಡೋದಕ್ಕೆ ಮತ್ತು ತಪ್ಪಿತಸ್ಥನನ್ನು ಉಳಿಸಲು ಬೇಕಂತಲೇ ಸುಳ್ಳು ಮಾಹಿತಿ ಕೊಡೋದಕ್ಕೆ. ಕೊಲೆಯಂಥ ಕೇಸಿನಲ್ಲಿ ಇದಕ್ಕೆ 7 ವರ್ಷದವರೆಗೆ ಜೈಲು. 249ನೇ ಕಲಂ ಅಪರಾಧಿಗೆ ಆಶ್ರಯ ಕೊಟ್ಟು ಬಚ್ಚಿಡೋದಕ್ಕೆ. ಇದರಲ್ಲಿ ವಿನಾಯಿತಿ ಇರೋದು ಗಂಡ ಹೆಂಡತಿಗೆ ಮಾತ್ರ. ಅಪ್ಪ ಅವ್ವನಿಗೆ ಇಲ್ಲ! ತುಂಬಾ ಜನ ಹೆತ್ತವರಿಗೆ ಇದು ಗೊತ್ತೇ ಇಲ್ಲ, ಮಗನನ್ನು ಸೊಲ್ಲಾಪುರದ ಸೋದರಮಾವನ ಮನೆಗೋ ಹೈದರಾಬಾದಿನ ಚಿಕ್ಕಮ್ಮನ ಮನೆಗೋ ಕಳಿಸಿ, ತಾವೂ ಸಿಕ್ಕಿಹಾಕಿಕೊಂಡು ಆ ನೆಂಟರನ್ನೂ ಸಿಕ್ಕಿಸುತ್ತಾರೆ. ಇನ್ನೊಂದು ಮಾತು. ಗಂಡ ಹೆಂಡತಿ ತಮ್ಮೊಳಗೆ ಆಡಿದ ಮಾತಿಗೆ ಕಾನೂನಿನ ರಕ್ಷಣೆ ಇದೆ, ಮಗ ಅವ್ವನ ಹತ್ತಿರ ಹೇಳಿಕೊಂಡದ್ದಕ್ಕೆ ಇಲ್ಲ. ನಿಮ್ಮನ್ನು ಸಾಕ್ಷಿಯಾಗಿ ಕರೆದು, ಪ್ರಮಾಣ ಮಾಡಿಸಿ, ಅವನು ಏನು ಹೇಳಿದ ಅಂತ ಕೇಳಬಹುದು.

2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ನಡೆದದ್ದು ನೆನಪಿದೆ ಅಲ್ವಾ? 17 ವರ್ಷದ ಹುಡುಗ ಓಡಿಸಿದ ಕಾರು ಗುದ್ದಿ ಇಬ್ಬರು ಸತ್ತರು. ಹುಡುಗನ ರಕ್ತದ ಮಾದರಿ ತೆಗೆದು ತಾಯಿಯ ರಕ್ತ ಇಟ್ಟರು ಅಂತ ಪೊಲೀಸರ ಆರೋಪ, ಅಪ್ಪ ಅಮ್ಮ ಇಬ್ಬರೂ ಬಂಧನಕ್ಕೆ ಒಳಗಾದರು. ಆರೋಪ ನಿಜವೋ ಅಲ್ಲವೋ ಕೋರ್ಟು ಹೇಳುತ್ತದೆ, ನಾನು ಹೇಳೋಲ್ಲ. ಜೂನ್ 25ರಂದು ಬಾಂಬೆ ಹೈಕೋರ್ಟ್ ಹುಡುಗನನ್ನು ಬಿಡಲು ಆದೇಶ ಮಾಡಿತು. ಅವನನ್ನು ಯಾರ ಕೈಗೆ ಒಪ್ಪಿಸಿದರು ಗೊತ್ತಾ? ಸೋದರತ್ತೆಯ ಕೈಗೆ. ಅಪ್ಪ ಅಮ್ಮ ಒಳಗಿದ್ದರು. ಮಗ ಹೊರಗೆ ಬರುವ ದಿನ ಬಾಗಿಲಲ್ಲಿ ನಾವೇ ಇರಬೇಕು ಅಂತ ತಾನೇ ಇಷ್ಟೆಲ್ಲ ಮಾಡೋದು?

ನಿಮ್ಮ ಮನೆಯವರಿಗೂ ಒಂದು ಮಾತು. ಕೈ ಹಿಡಿದುಕೊಂಡು ಹೋಗಿ, ಖಂಡಿತ ಹೋಗಿ, ಆದರೆ ದಾರಿಯಲ್ಲಿ ಮೊದಲು ವಕೀಲರ ಮನೆ ಸಿಗಲಿ. ವಕೀಲರ ಹತ್ತಿರ ನಿಜ ಹೇಳಿದರೆ ಅದು ಅವರಲ್ಲೇ ಉಳಿಯುತ್ತದೆ, ಕಾನೂನೇ ಅದಕ್ಕೆ ಕಾವಲಿದೆ. ಆದರೆ "ಇದನ್ನ ಹೆಂಗ್ ಮುಚ್ಚೋಣ" ಅಂತ ಕೇಳಿದರೆ ಆ ಮಾತಿಗೆ ಆ ಕಾವಲು ಇಲ್ಲ. ನಾಳೆ ನಾಡಿದ್ದು ಅಂತ ಮುಂದೂಡೋದು ಬೇಡ. ಕೊಲೆಯಂಥ ಭಾರಿ ಅಪರಾಧದ ವಿಷಯ ಗೊತ್ತಿದ್ದವರು ಪೊಲೀಸರಿಗೆ ತಿಳಿಸಬೇಕು ಅಂತಲೂ ಕಾನೂನು ಇದೆ. ಅದೇ ರಾತ್ರಿ ಹೋಗಿ. ಅಂಗಿ, ಮೊಬೈಲು, ಚಪ್ಪಲಿ ಎಲ್ಲ ಇದ್ದ ಹಾಗೆ ಇರಲಿ. ಹುಡುಗನಿಗೆ ಗಾಯ ಆಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಚೀಟಿ ಇಟ್ಟುಕೊಳ್ಳಿ.

ಪ್ರಶ್ನೆ: ನನ್ನ ಮಗನಿಗೆ ಶಾಲೆ ಟಿಸಿ ಪ್ರಕಾರ 16 ವರ್ಷ 8 ತಿಂಗಳು. ಬೈಕ್ ಕಳವಿನ ಕೇಸಿನಲ್ಲಿ ಇಪ್ಪತ್ತು ದಾಟಿದ ಇಬ್ಬರು ಹುಡುಗರ ಜೊತೆ ಇವನನ್ನೂ ಹಿಡಿದರು. ಆಧಾರ್‌ನಲ್ಲಿ 18 ಆಗಿದೆ ಅಂತ ಹೇಳಿ ರಾತ್ರಿ ಪೂರ್ತಿ ಸ್ಟೇಷನ್‌ನಲ್ಲೇ ಕೂರಿಸಿದ್ದರು, ಬೆಳಿಗ್ಗೆ ಒಂದು ಕಾಗದಕ್ಕೆ ಸಹಿ ಮಾಡಿಸಿ ಬಿಟ್ಟರು, ಮತ್ತೆ ಬಾ ಅಂದಿದ್ದಾರೆ. ಒಬ್ಬರು ಹೊಸ ಜನನ ಪ್ರಮಾಣಪತ್ರ ಮಾಡಿಸಿ ಕೊಡ್ತೀನಿ ಅಂತಾರೆ. ಇನ್ನೊಬ್ಬರು ಹುಡುಗನ್ನ ಊರು ಬಿಡಿಸಿ ಅಂತಾರೆ. ಏನು ಮಾಡಲಿ? (ಒಬ್ಬ ತಂದೆ, ಬೀದರ್ ಜಿಲ್ಲೆ)

ಉತ್ತರ: ಅಣ್ಣಾ, ಆ ಇಬ್ಬರ ಮಾತನ್ನೂ ಕೇಳಬೇಡಿ. ಶಾಲೆಯ ದಾಖಲೆಯೇ ನಿಮಗೆ ದೊಡ್ಡ ಆಯುಧ.

ನಮ್ಮ ಕಡೆ ಹಳ್ಳಿ ಶಾಲೆಯಲ್ಲಿ ಹೆಸರು ಹಚ್ಚುವಾಗ ಗುರುಗಳು ಜೂನ್ 1 ಅಂತ ಬರೆದುಬಿಡೋದು ಎಲ್ಲರಿಗೂ ಗೊತ್ತು. ಆಧಾರ್ ಮಾಡಿಸುವಾಗ ಇನ್ನೊಂದು ತಾರೀಖು ಬಿದ್ದಿರುತ್ತದೆ. ಎರಡೂ ಬೇರೆ ಆದಾಗ ಏನು ಮಾಡಬೇಕು ಅಂತ 2015ರ ಬಾಲ ನ್ಯಾಯ ಕಾಯ್ದೆಯ 94ನೇ ಕಲಂ ಬಿಡಿಸಿ ಹೇಳುತ್ತದೆ. ಮೊದಲು ಶಾಲೆಯ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಅದು ಇಲ್ಲದಿದ್ದರೆ ನಗರಸಭೆ ಇಲ್ಲವೇ ಪಂಚಾಯ್ತಿ ಕೊಟ್ಟ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಈ ಪಟ್ಟಿಯಲ್ಲಿ ಆಧಾರ್ ಇಲ್ಲವೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಅಪಘಾತ ಪರಿಹಾರದ ಕೇಸಿನಲ್ಲಿ ಆಧಾರ್ ಜನ್ಮ ದಿನಾಂಕಕ್ಕೆ ಪುರಾವೆ ಅಲ್ಲ ಅಂತಲೇ ಹೇಳಿ ಶಾಲೆಯ ದಾಖಲೆಯನ್ನು ಹಿಡಿಯಿತು. ಲೆಕ್ಕ ಹಾಕೋದು ಘಟನೆ ನಡೆದ ದಿನದ ವಯಸ್ಸು, ಹಿಡಿದ ದಿನದ್ದಲ್ಲ. ಹೊಸ ಪ್ರಮಾಣಪತ್ರ ಮಾಡಿಸಿದಿರೋ, ಅಸಲಿ ಟಿಸಿಯ ಮೇಲೂ ಅನುಮಾನ ಬರುತ್ತದೆ. ಕಳವಿನ ಕೇಸು ಹೋಗಿ ಫೋರ್ಜರಿ ಕೇಸು ಆಗುತ್ತದೆ, ಅದು ನಿಮ್ಮ ಮೇಲೆ.

ಸ್ಟೇಷನ್‌ನಲ್ಲಿ ನಡೆದದ್ದು ಸರಿಯಲ್ಲ. 18 ತುಂಬದ ಮಗುವನ್ನು ಲಾಕಪ್ಪಿನಲ್ಲಿ ಇಡುವ ಹಾಗಿಲ್ಲ, ಬೇಡಿ ಹಾಕುವ ಹಾಗಿಲ್ಲ, ಯಾವ ಹೇಳಿಕೆಗೂ ಸಹಿ ಹಾಕಿಸಿಕೊಳ್ಳುವ ಹಾಗಿಲ್ಲ. ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯೂನಿಫಾರಂ ಇಲ್ಲದೆ ಮಾತಾಡಿಸಬೇಕು, ಹೆತ್ತವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರು ಮಾಡಬೇಕು. ನಡೆದದ್ದನ್ನು ಗಂಟೆ ಸಮೇತ ಒಂದು ಹಾಳೆಯಲ್ಲಿ ಬರೆದು ಇಡಿ. ಎಷ್ಟು ಗಂಟೆಗೆ ಕರೆದುಕೊಂಡು ಹೋದರು, ಎಷ್ಟಕ್ಕೆ ಬಿಟ್ಟರು, ಊಟ ಕೊಟ್ಟರೋ ಇಲ್ಲವೋ. ಇವತ್ತೇ ಬರೆಯಿರಿ, ಹದಿನೈದು ದಿನ ಆದರೆ ಮರೆತು ಹೋಗುತ್ತದೆ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ತಪ್ಪೊಪ್ಪಿಗೆ ಅಂತ ಕೋರ್ಟಿನಲ್ಲಿ ನಿಲ್ಲೋದಿಲ್ಲ, ಆ ಸಹಿಯ ಬಗ್ಗೆ ಎದೆ ಒಡೆದುಕೊಳ್ಳಬೇಡಿ.

ಇನ್ನು ಕೇಸಿನ ತೂಕ ನೋಡಿ. ಸಾದಾ ಕಳವಿಗೆ 3 ವರ್ಷದವರೆಗೆ ಶಿಕ್ಷೆ, ಹಾಗಾಗಿ ಬಾಲ ನ್ಯಾಯ ಕಾಯ್ದೆಯಲ್ಲಿ ಅದು ಸಣ್ಣ ಅಪರಾಧ. ಇಂಥದ್ದಕ್ಕೆ ಮಗುವಿನ ಮೇಲೆ ಎಫ್‌ಐಆರ್ ಕೂಡ ಮಾಡೋದಿಲ್ಲ, ಆದರೆ ನಿಮ್ಮ ಮಗನ ಜೊತೆ ದೊಡ್ಡವರು ಇದ್ದಾರೆ ಅಂತ ಆರೋಪ ಇರೋದರಿಂದ ಎಫ್‌ಐಆರ್ ಆಗಬಹುದು. ಆದರೂ ಅವನ ವಿಚಾರಣೆ ಆ ಇಬ್ಬರ ಜೊತೆ ನಡೆಯೋದಿಲ್ಲ. ಅವನದು ಬೇರೆ, ಮಂಡಳಿಯಲ್ಲಿ. 4 ತಿಂಗಳು, ಹೆಚ್ಚೆಂದರೆ ಇನ್ನೂ 2 ತಿಂಗಳು. ಅಷ್ಟರಲ್ಲಿ ಮುಗಿಯದಿದ್ದರೆ ಸಣ್ಣ ಅಪರಾಧದ ವಿಚಾರಣೆ ಅಲ್ಲಿಗೇ ನಿಲ್ಲುತ್ತದೆ. ಜಾಮೀನು ಕೊಡೋದೇ ನಿಯಮ. ಕೊಡದಿರೋಕೆ ಕಾರಣ ಬರೆಯಬೇಕು, ಆ ಕಾರಣಗಳೂ ಮೂರೇ: ಮತ್ತೆ ಕಳ್ಳರ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯ ಇದೆ, ಇಲ್ಲವೇ ನ್ಯಾಯಕ್ಕೆ ಧಕ್ಕೆ ಆಗುತ್ತದೆ. ಊರು ಬಿಡಿಸಿದರೆ ಮೂರನೇ ಕಾರಣವನ್ನು ನೀವೇ ಬರೆದುಕೊಟ್ಟ ಹಾಗೆ.

ದುಡ್ಡಿಲ್ಲ ಅಂತ ಹೆದರಬೇಡಿ. ಮಕ್ಕಳಿಗೆ ಉಚಿತ ವಕೀಲರನ್ನು ಕೊಡುವಾಗ ಆದಾಯ ನೋಡೋದಿಲ್ಲ. ಬೀದರ್‌ನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಾನು ಬಿಎ ಕೊನೆ ವರ್ಷ. ನಮ್ಮ ಕಲಬುರಗಿಯಲ್ಲೇ ನಡೆಯುವ ಒಂದು ಲೀಗಲ್ ಥ್ರಿಲ್ಲರ್ ಕಾದಂಬರಿ ಬರೀತಿದ್ದೀನಿ. 17ರ ಹುಡುಗ, ಕೊಲೆ ಆರೋಪ, ಅಪ್ಪನೇ ವಕೀಲ. ಕೊನೆಗೆ ಹೈಕೋರ್ಟ್ ಪೀಠದಲ್ಲಿ ಮಗ ಕಟಕಟೆಯಲ್ಲಿ ನಿಂತಿರುವಾಗ ಅಪ್ಪ ತನ್ನ ಹೆಂಡತಿಯನ್ನೇ ಪಾಟೀ ಸವಾಲು ಮಾಡ್ತಾನೆ, ಮಗನಿಗೆ ಆಗಲಿದ್ದ ಗಲ್ಲು ಶಿಕ್ಷೆ ಸ್ವಲ್ಪದರಲ್ಲಿ ತಪ್ಪುತ್ತದೆ. ಇದರಲ್ಲಿ ತಪ್ಪಿದೆಯಾ? (ಒಬ್ಬ ವಿದ್ಯಾರ್ಥಿ, ಕಲಬುರಗಿ)

ಉತ್ತರ: ತಮ್ಮಾ, ನಮ್ಮೂರಿನ ಕಥೆ ಬರೀತಿದ್ದೀಯ, ತುಂಬಾ ಖುಷಿ ಆಯ್ತು. ಅದಕ್ಕೇ ಬಿಚ್ಚಿ ಹೇಳ್ತೀನಿ. ಆ ಕೊನೆಯ ದೃಶ್ಯ ಪೂರ್ತಿ ತೆಗೀಬೇಕು.

ಕಲಬುರಗಿಯಲ್ಲಿ ಹೈಕೋರ್ಟಿನ ಸಂಚಾರಿ ಪೀಠ 2008ರಲ್ಲಿ ಬಂತು, 2013ರಲ್ಲಿ ಕಾಯಂ ಆಯಿತು. ಆದರೆ ಅಲ್ಲಿ ನಡೆಯೋದು ಅಪೀಲು, ಜಾಮೀನು ಅರ್ಜಿ ಇಂಥವು. ಸಾಕ್ಷಿ ಕರೆಸಿ ಪಾಟೀ ಸವಾಲು ಮಾಡೋದು ಕೆಳಗಿನ ಕೋರ್ಟಿನಲ್ಲಿ. ಸಾಕ್ಷಿ ಆಗಬೇಕಾದೀತು ಅಂತ ಗೊತ್ತಿರುವ ವಕೀಲ ಆ ಕೇಸು ಹಿಡಿಯಬಾರದು ಅಂತ ವಕೀಲರ ನಡತೆಯ ನಿಯಮವೇ ಇದೆ, ಹಾಗಾಗಿ ಆ ಅಪ್ಪ ಬೇರೆ ವಕೀಲರ ಹಿಂದೆ ಸುಮ್ನೆ ಕೂತಿರಬೇಕು. ಎಷ್ಟೋ ಕೇಸು ಗೆದ್ದವನು ಮಗನ ಕೇಸಿನಲ್ಲಿ ಬಾಯಿ ಮುಚ್ಚಿಕೊಂಡು ಕೂರೋದು, ಅದು ಇನ್ನೂ ದೊಡ್ಡ ದೃಶ್ಯ ಅಲ್ವಾ? ಘಟನೆ ನಡೆದಾಗ 18 ಆಗದವನಿಗೆ ಗಲ್ಲು ಇಲ್ಲ. ಬಿಡುಗಡೆಯ ದಾರಿಯೇ ಇಲ್ಲದ ಜೀವಾವಧಿಯೂ ಇಲ್ಲ.

ಕಟಕಟೆ ಕೂಡ ಇಲ್ಲ. ಬಾಲ ನ್ಯಾಯ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಸೇವಕರು, ಆ ಇಬ್ಬರಲ್ಲಿ ಒಬ್ಬರಾದರೂ ಹೆಣ್ಣುಮಕ್ಕಳು ಇರಬೇಕು. ಎತ್ತರದ ಪೀಠ ಇರಬಾರದು, ಸಾಕ್ಷಿ ಕಟ್ಟೆ ಇರಬಾರದು ಅಂತ ನಿಯಮ. ನಾನು ಮೊದಲ ಸಲ ಹೋದಾಗ ಕಂಡದ್ದು ಒಂದು ಉದ್ದ ಟೇಬಲ್ಲು, ನಾಲ್ಕಾರು ಕುರ್ಚಿ. ಹುಡುಗ ಎದುರಿಗೇ ಕೂತಿದ್ದ. ಮಂಡಳಿಯ ಸದಸ್ಯೆಯೊಬ್ಬರು ಮೊದಲು ಕೇಳಿದ ಪ್ರಶ್ನೆ "ಏನ್ ಉಂಡಿಯಪ್ಪಾ ಮುಂಜಾನೆ?" ಅಲ್ಲಿಯವರೆಗೆ ಬಾಯಿ ಬಿಡದ ಹುಡುಗ ಆ ಒಂದು ಮಾತಿಗೆ ಅಳೋಕೆ ಶುರು ಮಾಡಿದ.

ಕೊಲೆಯಂಥ ಘೋರ ಅಪರಾಧ, ವಯಸ್ಸು 16 ತುಂಬಿ 18 ಆಗಿಲ್ಲ ಅಂದರೆ ಮಂಡಳಿ ಮೊದಲು ಒಂದು ಪ್ರಾಥಮಿಕ ಪರಿಶೀಲನೆ ಮಾಡುತ್ತದೆ. ಈ ಕೃತ್ಯ ಮಾಡುವಷ್ಟು ದೇಹ ಮನಸ್ಸಿನ ಶಕ್ತಿ ಇತ್ತಾ, ಅದರ ಪರಿಣಾಮ ಅವನಿಗೆ ತಿಳಿದಿತ್ತಾ, ಯಾವ ಪರಿಸ್ಥಿತಿಯಲ್ಲಿ ನಡೆಯಿತು ಅಂತ ನೋಡುತ್ತದೆ. ತಪ್ಪು ಮಾಡಿದನೋ ಇಲ್ಲವೋ ಅನ್ನೋದು ಆಗಿನ ಪ್ರಶ್ನೆ ಅಲ್ಲ. ದೊಡ್ಡವರ ಹಾಗೆ ವಿಚಾರಣೆ ಆಗಲಿ ಅನಿಸಿದರೆ ಕೇಸು ಮಕ್ಕಳ ನ್ಯಾಯಾಲಯಕ್ಕೆ ಹೋಗುತ್ತದೆ. 2017ರಲ್ಲಿ ಗುರುಗ್ರಾಮದ ಶಾಲೆಯೊಂದರಲ್ಲಿ 7 ವರ್ಷದ ಹುಡುಗನ ಕೊಲೆ ಆದಾಗ ಮೊದಲು ಹಿಡಿದದ್ದು ಬಸ್ ಕಂಡಕ್ಟರನ್ನು, ಆಮೇಲೆ ಸಿಬಿಐ ಬಂದು 16ರ ವಿದ್ಯಾರ್ಥಿಯ ಕಡೆ ಬೆರಳು ತೋರಿಸಿತು. ಈ ಪರಿಶೀಲನೆ ಹೇಗೆ ನಡೀಬೇಕು ಅಂತ ಅದೇ ಕೇಸಿನಲ್ಲಿ 2022ರ ಜುಲೈ 13ರಂದು ಸುಪ್ರೀಂ ಕೋರ್ಟ್ ವಿವರವಾಗಿ ಬರೆಯಿತು. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದವರು ಇಲ್ಲದಿದ್ದರೆ ಅಂಥ ತಜ್ಞರ ಸಹಾಯ ತಗೊಳ್ಳಲೇಬೇಕು ಅಂದಿತು. ಆ ತೀರ್ಪು ಓದು.

ಇನ್ನೊಂದು ದೃಶ್ಯ ನಾನೇ ಕೊಡ್ತೀನಿ, ಬೇಕಿದ್ದರೆ ತಗೋ. ಪರಿವೀಕ್ಷಣಾಧಿಕಾರಿ ಅಂತ ಒಬ್ಬರು ಇರುತ್ತಾರೆ. ಅವರು ಹುಡುಗನ ಮನೆಯ ವರದಿಯನ್ನು ಎರಡು ವಾರದಲ್ಲಿ ಕೊಡಬೇಕು. ಅವರು ಬಂದು ಪಡಸಾಲೆಯಲ್ಲಿ ಕೂರುತ್ತಾರೆ, ನೀರು ಕುಡಿಯುತ್ತಾರೆ, ಹುಡುಗ ಯಾವಾಗ ಮಲಗ್ತಾನೆ, ಅಪ್ಪ ಹೊಡೀತಾನಾ ಅಂತ ಮೆತ್ತಗೆ ಕೇಳುತ್ತಾರೆ, ಹೋಗುವಾಗ ಪಕ್ಕದ ಮನೆಯ ಬಾಗಿಲನ್ನೂ ತಟ್ಟುತ್ತಾರೆ. ಮಗನನ್ನು ಉಳಿಸೋಕೆ ಸುಳ್ಳು ಹೇಳಬೇಕು ಅಂತ ಕೂತಿರುವ ಅಪ್ಪ ಅವ್ವನಿಗೆ ಅದಕ್ಕಿಂತ ಬಿಸಿ ಇರುವ ಇಪ್ಪತ್ತು ನಿಮಿಷ ಇನ್ನೊಂದಿಲ್ಲ.

ಪ್ರಶ್ನೆ: ನನ್ನ ತರಗತಿಯ ಹುಡುಗನೊಬ್ಬನ ಮೇಲೆ ಕೇಸು ಆಗಿದೆ. ಅವನ ಫೋಟೋ, ಹೆಸರು, ಶಾಲೆ ಹೆಸರು ಎಲ್ಲ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡ್ತಿದೆ. ಅವನ ತಾಯಿ ಮನೆಯಿಂದ ಹೊರಗೇ ಬರ್ತಿಲ್ಲ. ಏನಾದರೂ ಮಾಡಬಹುದಾ? (ಒಬ್ಬ ಶಿಕ್ಷಕಿ, ಯಾದಗಿರಿ ಜಿಲ್ಲೆ)

ಉತ್ತರ: ಮಾಡಬಹುದು. ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಇಂಥ ಮಗುವಿನ ಹೆಸರು, ಫೋಟೋ, ವಿಳಾಸ, ಶಾಲೆ, ಗುರುತು ಸಿಗುವ ಯಾವ ವಿವರವನ್ನೂ ಪ್ರಕಟಿಸುವ ಹಾಗಿಲ್ಲ. 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ನಾವು ಇಲ್ಲಿ ಊರಿನ ಹೆಸರು ಹಾಕದಿರೋದೂ ಇದಕ್ಕೇ. ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ, ಆದರೆ ಯಾರಿಗೂ ಮುಂದೆ ಕಳಿಸಬೇಡಿ. ಗುಂಪಿನ ಅಡ್ಮಿನ್‌ಗೆ ಈ ಕಲಂ ತೋರಿಸಿ ತೆಗೆಸಿ, ಕೇಳದಿದ್ದರೆ ದೂರು ಕೊಡಿ. ಆಮೇಲೆ ತಂಗೀ, ಒಂದು ಸಲ ಆ ತಾಯಿಯ ಮನೆಗೆ ಹೋಗಿ ಬನ್ನಿ. ಕೇಸಿನ ಮಾತು ಎತ್ತಬೇಡಿ, ಹುಡುಗನ ನೋಟ್ಸು ಕೊಟ್ಟು ಬನ್ನಿ.

ಪ್ರಶ್ನೆ: ನನಗೆ 17. ಹತ್ತಿ ಬಿಡಿಸೋರಿಗೆ ಊಟ ಕೊಟ್ಟು ಬೈಕಿನಲ್ಲಿ ವಾಪಸ್ ಬರುವಾಗ ಒಬ್ಬ ಅಜ್ಜನಿಗೆ ಗುದ್ದಿದೆ. ಅವರ ಕಾಲು ಮುರಿದಿದೆ. ಅಪ್ಪ ಓಡಿ ಬಂದು ನನ್ನ ಮನೆಗೆ ಕಳಿಸಿ, ತಾನೇ ಓಡಿಸ್ತಿದ್ದೆ ಅಂತ ಪೊಲೀಸರಿಗೆ ಹೇಳಿದ್ದಾರೆ. ನನಗೆ ನಿದ್ದೆ ಬರ್ತಿಲ್ಲ. ನಿಜ ಹೇಳಿದರೆ ಅಪ್ಪ ಜೈಲಿಗೆ ಹೋಗ್ತಾರಾ? (ಯಾದಗಿರಿ ಜಿಲ್ಲೆ)

ಉತ್ತರ: ಅಪ್ಪಿ, ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ.

ಮೊದಲು ನಿನ್ನ ಭಾಗ. ಅಜಾಗರೂಕವಾಗಿ ಓಡಿಸಿ ಯಾರಿಗಾದರೂ ಮೂಳೆ ಮುರಿಯುವಂಥ ಗಾಯ ಮಾಡಿದರೆ 3 ವರ್ಷದವರೆಗೆ ಶಿಕ್ಷೆ, ಅಂದರೆ ನಿನ್ನ ವಯಸ್ಸಿಗೆ ಅದು ಸಣ್ಣ ಅಪರಾಧದ ಸಾಲಿಗೆ ಬರುತ್ತದೆ. ಮಂಡಳಿ ಬುದ್ಧಿ ಹೇಳಿ ಕಳಿಸಬಹುದು, ಕೌನ್ಸೆಲಿಂಗ್‌ಗೆ ಹಾಕಬಹುದು, ಸಮುದಾಯ ಸೇವೆ ಮಾಡಿಸಬಹುದು. ಇದು ನಿನ್ನ ಓದಿಗೆ, ಮುಂದಿನ ನೌಕರಿಗೆ ಅಡ್ಡ ಬರಬಾರದು ಅಂತ 24ನೇ ಕಲಂ ಇದೆ. ನಿನ್ನ ಅಪ್ಪ ಹೆದರಿದಷ್ಟು ದೊಡ್ಡದಲ್ಲ ಇದು. ಅವರಿಗೆ ಯಾರೂ ಹೇಳಲಿಲ್ಲ ಅಷ್ಟೇ.

ಅಪ್ಪನ ಭಾಗ ಸ್ವಲ್ಪ ಕಷ್ಟದ್ದು, ಮುಚ್ಚಿಡೋಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 199ಎ ಕಲಂ ಪ್ರಕಾರ ಮಗು ಗಾಡಿ ಓಡಿಸಿ ತಪ್ಪು ಮಾಡಿದರೆ ಹೆತ್ತವರು ಇಲ್ಲವೇ ಗಾಡಿ ಮಾಲೀಕರು ಹೊಣೆ. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ನಿನಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ತನಗೆ ಗೊತ್ತಿಲ್ಲದೆ ನಡೆಯಿತು, ಇಲ್ಲವೇ ತಡೆಯೋಕೆ ಮಾಡಬೇಕಾದ್ದೆಲ್ಲ ಮಾಡಿದ್ದೆ ಅಂತ ತೋರಿಸಿದರೆ ಅವರಿಗೆ ವಿನಾಯಿತಿ ಇದೆ. ಅವರು ಈಗ ಹೇಳಿರುವ ಸುಳ್ಳು ಇದರ ಮೇಲೆ ಇನ್ನೊಂದು ಕೇಸು ಆಗಬಹುದು. ಆದರೆ ಪೊಲೀಸರ ಮುಂದೆ ಹೇಳಿದ್ದು ಒಂದು, ಕೋರ್ಟಿನಲ್ಲಿ ಪ್ರಮಾಣ ಮಾಡಿ ಸುಳ್ಳು ಸಾಕ್ಷಿ ಹೇಳೋದು ಇನ್ನೊಂದು. ಎರಡನೆಯದಕ್ಕೆ 7 ವರ್ಷದವರೆಗೆ ಇದೆ, ಅದು ಇನ್ನೂ ಆಗಿಲ್ಲ. ಈಗಲೇ ತಿದ್ದಿಕೊಂಡರೆ ವಕೀಲರಿಗೆ ಹೇಳೋಕೆ ಮಾತಿದೆ: ಮಗನ ಭಯದಲ್ಲಿ ಒಂದು ತಪ್ಪು ಹೇಳಿದರು, ತಾವೇ ಬಂದು ಸರಿ ಮಾಡಿದರು. ರಸ್ತೆಯ ಯಾವುದೋ ಅಂಗಡಿಯ ಸಿಸಿಟಿವಿ ತೋರಿಸಿದ ಮೇಲೆ ಆ ಮಾತು ಇರೋಲ್ಲ.

ಆ ಅಜ್ಜನನ್ನೂ ನೆನೆ. ಅವರ ಪರಿಹಾರದ ಅರ್ಜಿ ನಡೆಯೋದು ಯಾರು ಓಡಿಸುತ್ತಿದ್ದರು ಅನ್ನೋದರ ಮೇಲೆ. ಲೈಸೆನ್ಸ್ ಇಲ್ಲದವರು ಓಡಿಸಿದ್ದರೂ ಸಾಮಾನ್ಯವಾಗಿ ವಿಮಾ ಕಂಪನಿ ಮೊದಲು ಗಾಯಾಳುವಿಗೆ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲು ಮಾಡುವಂತೆ ಆದೇಶ ಆಗುತ್ತದೆ. ಕಥೆ ನಡುವೆ ಬದಲಾದರೆ ಮುರಿದ ಕಾಲಿಟ್ಟುಕೊಂಡು ವರ್ಷಗಟ್ಟಲೆ ಕಾಯುವವರು ಅವರು.

ಅಪ್ಪನ ಹತ್ತಿರ ಇವತ್ತು ಮಾತಾಡು. ಜಗಳ ಬೇಡ, ಈ ಪುಟವನ್ನೇ ಓದಿಸು. ಆಮೇಲೆ ಇಬ್ಬರೂ ಯಾದಗಿರಿಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಇಬ್ಬರಿಗೂ ಬೇರೆ ಬೇರೆ ವಕೀಲರನ್ನು ಕೇಳಿ. ನಿನಗೆ ಒಳ್ಳೆಯದಾಗುವ ಮಾತು ಅಪ್ಪನಿಗೆ ತೊಂದರೆ ಆಗಬಹುದು, ಅವರಿಗೆ ಒಳ್ಳೆಯದಾಗೋದು ನಿನಗೆ. ಒಬ್ಬರೇ ವಕೀಲರು ಎರಡನ್ನೂ ಹೊರೋಕೆ ಆಗೋಲ್ಲ. ಅಪ್ಪ ಒಪ್ಪದಿದ್ದರೆ, ಅಥವಾ ಹೇಳೋಕೆ ಧೈರ್ಯ ಬರದಿದ್ದರೆ, 1098ಕ್ಕೆ ಫೋನ್ ಮಾಡು. ಅದು ಮಕ್ಕಳ ಸಹಾಯವಾಣಿ, ದುಡ್ಡು ಬೇಡ, ರಾತ್ರಿಯೂ ಇರುತ್ತದೆ. ನಿನ್ನ ಪತ್ರದಲ್ಲಿ ವಿಳಾಸ ಇರಲಿಲ್ಲ. ಇನ್ನೊಮ್ಮೆ ಬರಿ. ಅಚ್ಚು ಹಾಕೋಲ್ಲ, ನಾನೇ ಉತ್ತರ ಬರೀತೀನಿ.